ಅಪ್ಪಯ್ಯನ ಗೊರಕೆ ನಡುನಡುವೆ ನಿಂತುಹೋಗುತ್ತದೆ, ಡಾಕ್ಟರಿಗೆ ತೋರಿಸಬೇಕಾ?

ಪ್ರಶ್ನೆ (ಶಿರಸಿ):
ಅಪ್ಪಯ್ಯನಿಗೆ 58 ವರ್ಷ. ಗೊರಕೆ ಮೊದಲಿಂದಲೂ ಇತ್ತು, ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಈಗ ಜೋರು ಗೊರಕೆ ಒಮ್ಮೆಲೇ ನಿಂತು, ಸ್ವಲ್ಪ ಹೊತ್ತು ಸದ್ದೇ ಇಲ್ಲದೆ, ಆಮೇಲೆ ಉಸಿರು ಕಟ್ಟಿದವರ ಹಾಗೆ ಬೆಚ್ಚಿ ಮತ್ತೆ ಶುರುವಾಗುತ್ತದೆ. ಆಯಿ ಹೆದರಿ ಎದ್ದು ಕೂರುತ್ತಾಳೆ. ಎರಡು ಮಾತ್ರೆ ತಗೊಂಡರೂ ಬಿಪಿ ಇಳಿಯುತ್ತಿಲ್ಲ. ಹಗಲು ಅಡಿಕೆ ಸುಲಿಯುವಾಗ ಮೆಟ್ಟುಗತ್ತಿ ಎದುರಿಗೇ ತೂಕಡಿಸುತ್ತಾರೆ. ಇದಕ್ಕೆಲ್ಲ ಸಂಬಂಧ ಇದೆಯಾ?

ಉತ್ತರ (ಕುಮಟಾ):
ಖಂಡಿತ ತೋರಿಸಿ. ನಮ್ಮ ಭಾವನದ್ದೂ ಇದೇ ಕಥೆ, ದೇವಿಮನೆ ಘಟ್ಟ ಇಳಿಯುವಾಗ ಸ್ಟೇರಿಂಗ್ ಹಿಡಿದೇ ಕಣ್ಣು ಮುಚ್ಚಿಬಿಟ್ಟಿದ್ದರು, ಪಕ್ಕದಲ್ಲಿ ನಾನಿದ್ದೆ. ಸ್ಲೀಪ್ ಸ್ಟಡಿಯಲ್ಲಿ (ಮಲಗಿದಾಗ ಉಸಿರಾಟ ಅಳೆಯುವ ಪರೀಕ್ಷೆ) ಗಂಟೆಗೆ 34 ಸಲ ಉಸಿರಿಗೆ ಅಡ್ಡಿ ಬಂತು. 30 ಮುಟ್ಟಿದರೇ ತೀವ್ರ ಅಂತೆ. ಈಗ ಸಿಪ್ಯಾಪ್ ಮಾಸ್ಕ್ (ಗಾಳಿ ಒತ್ತಿ ಉಸಿರಿನ ದಾರಿ ತೆರೆದಿಡುವ ಯಂತ್ರದ್ದು) ಹಾಕಿ ಮಲಗುತ್ತಾರೆ. ಮೊದಲ ವಾರ ಕಿತ್ತೆಸೆದರು, ಆಮೇಲೆ ರೂಢಿಯಾಯಿತು.

ಉತ್ತರ (ಕಾರವಾರ, ನರ್ಸ್):
ಎಲ್ಲ ಗೊರಕೆಯೂ ರೋಗ ಅಲ್ಲ. ಆದರೆ ನೀವು ಹೇಳಿದ್ದು ಸ್ಲೀಪ್ ಆಪ್ನಿಯಾ ಇರಬಹುದು. ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲಾಗಿ ಉಸಿರಿನ ದಾರಿ 10 ಸೆಕೆಂಡಿಗಿಂತ ಜಾಸ್ತಿ ಮುಚ್ಚುತ್ತದೆ, ಆಮ್ಲಜನಕ ಇಳಿಯುತ್ತದೆ, ದೇಹ ಗಾಬರಿಯಾಗಿ ಬಿಪಿ ಏರಿಸುತ್ತದೆ. ರಾತ್ರಿಯಿಡೀ ಹೀಗಾದರೆ ಮಾತ್ರೆ ಏನು ಮಾಡೀತು? ಸಕ್ಕರೆ ಕಾಯಿಲೆ, ಎದೆಬಡಿತದ ಏರುಪೇರು, ಪಾರ್ಶ್ವವಾಯುವಿಗೂ ನಂಟಿದೆ. ಥೈರಾಯ್ಡ್ ಕೂಡ ನೋಡಿಸಿ. ಡಾಕ್ಟರನ್ನು ಕೇಳದೆ ನಿದ್ದೆ ಮಾತ್ರೆ ಕೊಡಬೇಡಿ. ಸದ್ಯಕ್ಕೆ ಮಗ್ಗುಲಾಗಿ ಮಲಗಿಸಿ.

ಪ್ರಶ್ನೆ ಕೇಳಿದವರು:
ಇವತ್ತು ರಾತ್ರಿ ಮೊಬೈಲಲ್ಲಿ ವಿಡಿಯೋ ಮಾಡಿಕೊಳ್ಳುತ್ತೇನೆ, ಸೋಮವಾರ ಕರೆದುಕೊಂಡು ಹೋಗುತ್ತೇನೆ. ಅಲ್ಲಿವರೆಗೆ ಮೆಟ್ಟುಗತ್ತಿ ಮುಟ್ಟಲು ಬಿಡುವುದಿಲ್ಲ.