ಸಹಾಯ ಬೇಕು: ಜಿಪ್ಸಿಯಿಂದ ತೆಗೆದ ಹಾರ್ಡ್‌ಟಾಪ್ ತೂಗುಹಾಕುವುದೋ, ನೆಟ್ಟಗೆ ನಿಲ್ಲಿಸುವುದೋ?

ಎಲ್ಲರಿಗೂ ನಮಸ್ಕಾರ. ನಮ್ಮದು ಕಾಸರಗೋಡಿನ ಬದಿಯಡ್ಕದ ಹತ್ತಿರ. ಮನೆಯಲ್ಲಿ 1998ರ ಮಾರುತಿ ಜಿಪ್ಸಿ ಇದೆ. ಮಳೆಗಾಲಕ್ಕೆ ಫೈಬರಿನ ಹಾರ್ಡ್‌ಟಾಪ್ (ಬಿಚ್ಚಿ ತೆಗೆಯುವ ಗಟ್ಟಿ ಮಾಡು), ಮಳೆ ಬಿಟ್ಟ ಮೇಲೆ ಕ್ಯಾನ್ವಾಸ್. ತೆಗೆದ ಟಾಪನ್ನು ಪತ್ತನಾಜೆವರೆಗೆ, ಅಂದರೆ ಮೇ ಕೊನೆಯವರೆಗೆ, ಎಲ್ಲಿ ಇಡುವುದು ಎನ್ನುವುದೇ ತಲೆಬಿಸಿ.

ಗ್ಯಾರೇಜು ಅಂದರೆ ಹಳೆಯ ದನದ ಹಟ್ಟಿ. ಮುರಕಲ್ಲಿನ ಗೋಡೆ, ಹಂಚಿನ ಮಾಡು. ಮೊದಲ ವರ್ಷ ನೆಲದಲ್ಲಿ ಹಳೆ ಟಯರ್ ಹಾಕಿ ಅದರ ಮೇಲೆ ಇಟ್ಟೆ. ಭಾರಕ್ಕೆ ಅಡಿಯ ರಬ್ಬರ್ ಬೀಡಿಂಗ್ ಚಪ್ಪಟೆಯಾಯಿತು, ಆ ಮಳೆಗೆ ಸೀಟೆಲ್ಲ ಒದ್ದೆ. ಇಲಿ ಬೇರೆ ಅಡಿಕೆ ಸಿಪ್ಪೆ ತಂದು ಒಳಗೆ ಸಂಸಾರ ಹೂಡಿತ್ತು! ಕಳೆದ ವರ್ಷ ಮಾಡಿನ ಪಕ್ಕಾಸಿಗೆ (ಹಂಚಿನ ಅಡಿಯ ಮರದ ಪಟ್ಟಿ) ನೈಲಾನ್ ಹಗ್ಗ ಕಟ್ಟಿ ಎರಡು ಕಡೆ ತೂಗಿಸಿದೆ. ದಿನ ಹೋದ ಹಾಗೆ ಹಗ್ಗ ಜಗ್ಗಿ ಟಾಪ್ ಒಂದು ಬದಿಗೆ ವಾಲಿತು. ಈಗ ಹಿಂದಿನ ಗಾಜಿನ ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು. ಪಕ್ಕಾಸು ಇರುವುದು ಹಂಚು ಹೊರುವುದಕ್ಕೆ, ಅಲ್ವಾ? ತಪ್ಪು ನನ್ನದೇ.

ವೆಲ್ಡಿಂಗಿನವರು ಹೇಳುವುದು ಎರಡು ದಾರಿ. ಗೋಡೆಯಿಂದ ಗೋಡೆಗೆ ಜಿಐ (ಸತು ಲೇಪದ ಕಬ್ಬಿಣ) ಪೈಪ್ ಕೊಟ್ಟು, ನಾಲ್ಕು ಕಡೆ ಅಗಲದ ಬೆಲ್ಟ್ ಹಾಕಿ, ಕೈ ವಿಂಚಿನಲ್ಲಿ ಮೇಲೆತ್ತುವುದು. ಇಲ್ಲವೇ ಚಕ್ರದ ಸ್ಟ್ಯಾಂಡಿನಲ್ಲಿ ಹಿಂಬದಿ ಕೆಳಗೆ ಮಾಡಿ ನೆಟ್ಟಗೆ ನಿಲ್ಲಿಸುವುದು. ಸ್ಟ್ಯಾಂಡಿಗೆ ಖರ್ಚು ಕಮ್ಮಿ, ಒಬ್ಬನೇ ತಳ್ಳಬಹುದು. ಆದರೆ ಭಾರವೆಲ್ಲ ಆ ಬಿರುಕಿನ ಬದಿಗೇ ಬೀಳುತ್ತದೆ. ಇಲ್ಲೇ ನಾನು ಸಿಕ್ಕಿಬಿದ್ದಿರುವುದು.

ಫೈಬರ್ ಟಾಪನ್ನು ತಿಂಗಳುಗಟ್ಟಲೆ ನೆಟ್ಟಗೆ ನಿಲ್ಲಿಸಿದವರು ಯಾರಾದರೂ ಇದ್ದೀರಾ? ಆಕಾರ ಕೆಟ್ಟಿತಾ? ತೂಗಿಸುವುದೇ ಸರಿ ಎಂದಾದರೆ ಹಿಂದಿನ ಬೆಲ್ಟ್ ಗಾಜಿನಿಂದ ಎಷ್ಟು ದೂರ ಇರಬೇಕು?