ಸಮಾಂತರ ಶ್ರೇಢಿ: ಸೂತ್ರ ಬಾಯಿಪಾಠ ಇದೆ, ಲೆಕ್ಕ ಬರ್ತಿಲ್ಲ. ಏನು ಮಾಡಲಿ?

ಕೇಳಿದವರು: ಮಗಳು ಹತ್ತನೇ ಕ್ಲಾಸು. ಸಮಾಂತರ ಶ್ರೇಢಿ, ಅಂದರೆ ಒಂದೇ ಅಂತರದಲ್ಲಿ ಏರುವ ಅಥವಾ ಇಳಿಯುವ ಸಂಖ್ಯೆಗಳ ಸಾಲು, ಈ ಪಾಠದ್ದೇ ತೊಂದರೆ. ಎನ್‌ನೇ ಪದದ ಸೂತ್ರ, ಮೊತ್ತದ ಸೂತ್ರ ಎರಡನ್ನೂ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳ್ತಾಳೆ. ವಾಕ್ಯದ ಲೆಕ್ಕ ಕೊಟ್ಟರೆ ಮಾತ್ರ ಯಾವ ಸಂಖ್ಯೆ ಎಲ್ಲಿ ಹಾಕಬೇಕು ಅಂತ ಒದ್ದಾಡ್ತಾಳೆ. ಹೇಗೆ ಹೇಳಿಕೊಡೋದು?

ಗಣಿತ ಶಿಕ್ಷಕಿ: ಸೂತ್ರ ನಾಲ್ಕು ದಿನ ಪಕ್ಕಕ್ಕಿರಲಿ, ಮೊದಲು ಹೆಜ್ಜೆ ಎಣಿಸೋದು ಬರಲಿ. 3ನೇ ಪದ 12, 11ನೇ ಪದ 52, 20ನೇ ಪದ ಎಷ್ಟು? ಮಕ್ಕಳು ಎರಡು ಸಮೀಕರಣ ಬರೆದು, ಕಳೆಯುವಾಗ ಚಿಹ್ನೆ ತಪ್ಪಿಸ್ತಾರೆ. 3ರಿಂದ 11ಕ್ಕೆ 8 ಹೆಜ್ಜೆ, ಏರಿದ್ದು 40, ಅಂದರೆ ಒಂದು ಹೆಜ್ಜೆಗೆ 5, ಅದೇ ಸಾಮಾನ್ಯ ವ್ಯತ್ಯಾಸ. ಅಲ್ಲಿಂದ 20ಕ್ಕೆ ಇನ್ನು 9 ಹೆಜ್ಜೆ: 52 + 45 = 97. ಮೊದಲ ಪದ ಬೇಕೇ ಆಗಲಿಲ್ಲ. ಸೂತ್ರದಲ್ಲಿ (ಎನ್ − 1) ಯಾಕಿದೆ ಅನ್ನೋದೂ ಇಲ್ಲೇ ಗೊತ್ತಾಗುತ್ತೆ: 1ರಿಂದ 20ಕ್ಕೆ 19 ಹೆಜ್ಜೆ ತಾನೆ. ಪರೀಕ್ಷೆಯಲ್ಲಿ ಹಂತಕ್ಕೆ ಅಂಕ ಇರೋದರಿಂದ ಸಮೀಕರಣ ಬರೆದೇ ಬಿಡಿಸಲಿ, ಹೆಜ್ಜೆ ಲೆಕ್ಕ ತಾಳೆ ನೋಡೋಕೆ.

ಟ್ಯೂಷನ್ ಹೇಳುವವರು: ಮೇಲಿನ ಮಾತಿಗೆ ಸೇರಿಸ್ತೀನಿ. ಪದಗಳನ್ನು ಎಣಿಸುವಾಗ ಹೆಜ್ಜೆಗಿಂತ ಒಂದು ಹೆಚ್ಚು. 7ರಿಂದ ಭಾಗವಾಗುವ ಮೂರಂಕಿ ಸಂಖ್ಯೆಗಳ ಮೊತ್ತ ತಗೊಳ್ಳಿ. ಮೊದಲನೆಯದು 105, ಕೊನೆಯದು 994 (100 ಮತ್ತು 999 ಹಾಕಿದರೆ ಅಲ್ಲಿಗೇ ಲೆಕ್ಕ ಕೆಟ್ಟಿತು). ಅಂತರ 889, 7ರಿಂದ ಭಾಗಿಸಿದರೆ 127 ಹೆಜ್ಜೆ, ಪದಗಳು 128. ಮೊತ್ತ 64 × 1099 = 70,336. 127 ಅಂತಲೇ ಬಿಟ್ಟರೆ ಅರ್ಧ ಸಂಖ್ಯೆ ಬಂದು ಮಕ್ಕಳು ಗಾಬರಿಯಾಗ್ತಾರೆ. ಕೊನೆಯ ಪದ ಗೊತ್ತಿದ್ದರೆ ಮೊತ್ತದ ಉದ್ದದ ಸೂತ್ರಕ್ಕೆ ಹೋಗಲೇಬೇಡಿ. ಮೊದಲ ಮತ್ತು ಕೊನೆಯ ಪದ ಕೂಡಿಸಿ, ಪದಗಳ ಸಂಖ್ಯೆಯ ಅರ್ಧದಿಂದ ಗುಣಿಸಿ. ಕ್ರಿ.ಶ. 499ರಲ್ಲೇ ಆರ್ಯಭಟ ಈ ದಾರಿಯನ್ನೂ, ಸರಾಸರಿಯನ್ನು ಪದಗಳ ಸಂಖ್ಯೆಯಿಂದ ಗುಣಿಸುವ ದಾರಿಯನ್ನೂ ಒಂದೇ ಶ್ಲೋಕದಲ್ಲಿ ಕೊಟ್ಟಿದ್ದಾನೆ. ಎಷ್ಟು ಚೆನ್ನಾಗಿದೆ ನೋಡಿ!

ಪಿಯು ಉಪನ್ಯಾಸಕ: ಪದ ಯಾವುದು, ಮೊತ್ತ ಯಾವುದು ಅನ್ನೋ ಗೊಂದಲವೇ ಎಲ್ಲಕ್ಕಿಂತ ದುಬಾರಿ. ಎನ್ ಪದಗಳ ಮೊತ್ತ 3ಎನ್² + 5ಎನ್ ಅಂತ ಕೊಟ್ಟಿದ್ದಾರೆ ಅಂದುಕೊಳ್ಳಿ. 1 ಹಾಕಿದರೆ 8, 2 ಹಾಕಿದರೆ 22. ಎರಡನೇ ಪದ 22 ಅಂದುಕೊಂಡು ವ್ಯತ್ಯಾಸ 14 ಅಂತ ಬರೆಯೋರೇ ಜಾಸ್ತಿ. 22 ಮೊದಲ ಎರಡು ಪದಗಳ ಮೊತ್ತ. ಎರಡನೇ ಪದ 22 − 8 = 14, ವ್ಯತ್ಯಾಸ 6. ಎನ್²ದ ಗುಣಾಂಕದ ಎರಡರಷ್ಟೇ ವ್ಯತ್ಯಾಸ ಅಂತ ನೆನಪಿಟ್ಟರೆ ತಾಳೆ ಸುಲಭ. ಪ್ರಶ್ನೆ ಓದುವಾಗಲೇ "15ನೇ ಪದ", "15 ಪದಗಳ" ಅನ್ನೋ ಕಡೆ ಪೆನ್ಸಿಲ್‌ನಿಂದ ಗೆರೆ ಎಳೆಯಲಿ.

ಕೇಳಿದವರು: ಹೆಜ್ಜೆ ಲೆಕ್ಕ ಅವಳಿಗೆ ಹಿಡಿಸಿತು. ಇನ್ನೊಂದು: 27, 24, 21... ಎಷ್ಟು ಪದಗಳ ಮೊತ್ತ 132? 8 ಮತ್ತು 11 ಎರಡೂ ಬಂತು. ಯಾವುದನ್ನು ಬಿಡಬೇಕು?

ಗಣಿತ ಶಿಕ್ಷಕಿ: ಯಾವುದನ್ನೂ ಬಿಡಬೇಡಿ! ಪದಗಳನ್ನು ಬರೆದು ನೋಡಲಿ: 27, 24, 21, 18, 15, 12, 9, 6, ಇಷ್ಟಕ್ಕೇ 132. ಮುಂದಿನ ಮೂರು 3, 0, −3, ಕೂಡಿದರೆ ಸೊನ್ನೆ. ಹಾಗಾಗಿ 11 ಪದಕ್ಕೂ ಅದೇ ಮೊತ್ತ. ಎರಡೂ ಬರೆದು ಕಾರಣವನ್ನೂ ಒಂದು ಸಾಲಲ್ಲಿ ಹೇಳಲಿ. ಪದಗಳ ಸಂಖ್ಯೆ ಋಣವೋ ಭಿನ್ನರಾಶಿಯೋ ಬಂದರೆ ಮಾತ್ರ ಅದನ್ನು ಬಿಡಬೇಕು. ಎರಡೂ ಹಾಗೇ ಬಂದರೆ ಮೊದಲು ವ್ಯತ್ಯಾಸದ ಚಿಹ್ನೆ ನೋಡಿ. ಇಳಿಯುವ ಶ್ರೇಢಿಯಲ್ಲಿ −3 ಬದಲು 3 ಹಾಕಿರ್ತಾರೆ.