ಇಂದ್ರಲಾಲ್ ರಾಯ್ ಸಮಾಧಿಗೆ ಹೋಗುವವರಿಗೆ ಏನೇನು ಗೊತ್ತಿರಬೇಕು?

ಪ್ರಶ್ನೆ:
ಜುಲೈ 22, ಮೊದಲ ಮಹಾಯುದ್ಧದ ಪೈಲಟ್ ಇಂದ್ರಲಾಲ್ ರಾಯ್ ಮಡಿದ ದಿನ. ಆ ದಿನ ನಾವು ಮೂವರು ಉತ್ತರ ಫ್ರಾನ್ಸಿನಲ್ಲಿರುತ್ತೇವೆ. ನವ್ ಶಾಪೆಲ್‌ನ ಭಾರತೀಯ ಸ್ಮಾರಕದಲ್ಲಿ ಅವರ ಹೆಸರು ಯಾವ ಗೋಡೆಯ ಮೇಲಿದೆ? ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ‘ಭಾರತೀಯ ಸೇನೆ’ ಎಂದು ಆರಿಸಿದರೆ ಹೆಸರೇ ಬರುತ್ತಿಲ್ಲ. ಹೂವು, ಕುಂಕುಮ, ದೀಪ ಒಯ್ಯಬಹುದೇ? ಅಲ್ಲಿ ನಿಂತು ಓದಲು ನಾಲ್ಕು ಸಾಲಿನ ಪರಿಚಯವೂ ಬೇಕು.

ಉತ್ತರ 1:
ನವ್ ಶಾಪೆಲ್‌ನಲ್ಲಿ ಹುಡುಕಬೇಡಿ. ಅಲ್ಲಿ ಕೆತ್ತಿರುವುದು ಸಮಾಧಿಯೇ ಸಿಗದ 4,700ಕ್ಕೂ ಹೆಚ್ಚು ಭಾರತೀಯ ಸೈನಿಕರ ಹೆಸರು. ರಾಯ್ ಅವರ ಸಮಾಧಿ ಸುಮಾರು 20 ಕಿ.ಮೀ. ಆಚೆ, ಲಾನ್ಸ್ ಮತ್ತು ಕಾರ್ವಾಂ ಪಟ್ಟಣಗಳ ನಡುವಿನ ಎಸ್ಟೆವೆಲ್ ಹಳ್ಳಿಯಲ್ಲಿದೆ. ಅದು ಊರಿನವರದೇ ಸ್ಮಶಾನ. ಸಾಲು ಸಾಲು ಬಿಳಿಗಲ್ಲು ಕಾಣುತ್ತದೆಂದು ಹೋದರೆ ದಾರಿ ತಪ್ಪಿದಿರೇನೋ ಅನಿಸುತ್ತದೆ. ಸ್ಥಳೀಯರ ಸಮಾಧಿಗಳ ನಡುವೆ ನಿಧಾನವಾಗಿ ನೋಡಿ.

ಅವರು ಭಾರತೀಯ ಸೇನೆಯಲ್ಲಿರಲಿಲ್ಲ, ಹೆಸರು ಬರದಿರುವುದಕ್ಕೆ ಅದೇ ಕಾರಣ. 1917ರ ಏಪ್ರಿಲ್‌ನಲ್ಲಿ ಸೇರಿದ್ದು ಬ್ರಿಟಿಷ್ ಸೇನೆಯ ವಿಮಾನ ವಿಭಾಗವಾದ ರಾಯಲ್ ಫ್ಲೈಯಿಂಗ್ ಕೋರ್‌ಗೆ. 1918ರ ಏಪ್ರಿಲ್ 1ರಂದು ಅದು ನೌಕಾಪಡೆಯ ವಿಮಾನ ವಿಭಾಗದ ಜೊತೆ ಸೇರಿ ರಾಯಲ್ ಏರ್ ಫೋರ್ಸ್ ಆಯಿತು. ‘ಭಾರತೀಯ ಸೇನೆ’ ತೆಗೆದುಹಾಕಿ, ಉಪನಾಮ ರಾಯ್, ವರ್ಷ 1918 ಎಂದಷ್ಟೇ ಕೊಡಿ. ಸೇವಾ ದಾಖಲೆ ಬೇಕಿದ್ದರೆ ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ದಾಖಲಾಗಾರದ ‘ಏರ್ 76’ ಸರಣಿ ನೋಡಿ.

ಉತ್ತರ 2:
ಕುಂಕುಮ, ಎಣ್ಣೆ ದೀಪ ಎರಡೂ ಬೇಡ. ಕಲ್ಲು ಎಣ್ಣೆ ಹೀರಿದರೆ ಕಲೆ ಒಳಗಿಳಿಯುತ್ತದೆ, ಉಜ್ಜಿದಷ್ಟೂ ಹರಡುತ್ತದೆ. ಹೂವಿನಲ್ಲಿ ಸೇವಂತಿಗೆಯೇ ಸರಿ, ಫ್ರಾನ್ಸಿನಲ್ಲೂ ಸಮಾಧಿಗೆ ಇಡುವುದು ಅದನ್ನೇ. ದಾರ, ಪ್ಲಾಸ್ಟಿಕ್ ಬಿಚ್ಚಿ ಬಿಡಿಹೂವನ್ನು ಕಲ್ಲಿನ ಬುಡದ ಮಣ್ಣಿನ ಮೇಲಿಡಿ.

ಸಮಾಧಿಯ ಮೇಲಿನ ಬಂಗಾಳಿ ಸಾಲೇ ಇದನ್ನು ಕೇಳುತ್ತದೆ: ‘ಮಹಾವೀರೇರ ಸಮಾಧಿ, ಸಂಭ್ರಮ ದೇಖಾಓ, ಸ್ಪರ್ಶ ಕೋರೋ ನಾ’. ‘ಸಂಭ್ರಮ’ ಕಂಡು ನಮ್ಮವರು ಹಬ್ಬವೆಂದು ತಿಳಿಯುತ್ತಾರೆ. ಬಂಗಾಳಿಯಲ್ಲಿ ಆ ಮಾತಿಗೆ ಗೌರವ ಎಂದರ್ಥ. ಮಹಾವೀರನ ಸಮಾಧಿ, ಗೌರವ ತೋರಿ, ಮುಟ್ಟಬೇಡಿ.

ಅಕ್ಷರ ಫೋಟೊದಲ್ಲಿ ಮಸುಕಾದರೆ ಸುಣ್ಣದ ಕಡ್ಡಿ, ಹಿಟ್ಟು ಏನನ್ನೂ ತಿಕ್ಕಬೇಡಿ. ಒಂದು ಪಕ್ಕದಿಂದ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಕೆತ್ತನೆಯ ತಗ್ಗಿನಲ್ಲಿ ನೆರಳು ಬಿದ್ದು ಪ್ರತಿ ಗೆರೆ ಎದ್ದು ಕಾಣುತ್ತದೆ. ನಡುಹಗಲ ಬಿಸಿಲಿಗಿಂತ ಬೆಳಗ್ಗೆ ಅಥವಾ ಸಂಜೆ ವಾಸಿ.

ಉತ್ತರ 3:
ಓದಲು ಇಷ್ಟು ಸಾಕು:

‘ಇಂದ್ರಲಾಲ್ ರಾಯ್ ಹುಟ್ಟಿದ್ದು 1898ರ ಡಿಸೆಂಬರ್ 2, ಕಲ್ಕತ್ತಾದಲ್ಲಿ. ಓದಿದ್ದು ಲಂಡನ್ನಿನ ಸೇಂಟ್ ಪಾಲ್ಸ್ ಶಾಲೆಯಲ್ಲಿ. 40ನೇ ಸ್ಕ್ವಾಡ್ರನ್ನಿನಲ್ಲಿ ಎಸ್.ಇ.5ಎ ವಿಮಾನ ಹಾರಿಸಿ, 1918ರ ಜುಲೈ 6ರಿಂದ 19ರೊಳಗೆ 10 ವಿಜಯ ಗಳಿಸಿದರು. ಜುಲೈ 22ರಂದು ಕಾರ್ವಾಂ ಮೇಲೆ ಜರ್ಮನ್ ಫೋಕರ್ ವಿಮಾನಗಳೊಡನೆ ಕಾದಾಡುತ್ತ ಮಡಿದರು.’

ಎರಡು ಕಡೆ ಎಚ್ಚರವಿರಲಿ. ‘10 ವಿಮಾನ ಉರುಳಿಸಿದರು’ ಎನ್ನಬೇಡಿ. ಅಂದಿನ ಲೆಕ್ಕದಲ್ಲಿ ಹತೋಟಿ ತಪ್ಪಿ ಕೆಳಗಿಳಿದದ್ದೂ, ಜೊತೆಗಾರರೊಡನೆ ಹಂಚಿಕೊಂಡದ್ದೂ ಸೇರುತ್ತಿತ್ತು. ಮರಣೋತ್ತರ ಡಿ.ಎಫ್.ಸಿ. (ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್) ಪದಕದ ಪ್ರಶಸ್ತಿಪತ್ರದಲ್ಲಿರುವುದು 13 ದಿನಕ್ಕೆ 9, ಅದನ್ನೂ ತಪ್ಪೆನ್ನಬೇಡಿ. ಇನ್ನು ವಯಸ್ಸು: ಕೆಲವೆಡೆ 20 ಎಂದಿರುತ್ತದೆ, ಹುಟ್ಟಿದ ದಿನದಿಂದ ಎಣಿಸಿ ನೋಡಿ. ಅವರಿಗಿನ್ನೂ 19.